ಕೇಳಿದರೆ ನಿನಗೂ ಬರುತ್ತದೆ

ನನ್ನ ಅತ್ತೆಗೆ ಕೊರೊನಾ ಬಂದಿದೆ ಎಂದು ಮೊದಲು ತೀರ್ಮಾನ ಮಾಡಿದವಳು ನಾನು. ಡಾಕ್ಟರೂ ಅಲ್ಲ, ಆಶಾ ಕಾರ್ಯಕರ್ತೆಯೂ ಅಲ್ಲ. ಎರಡನೇ ಅಲೆಯ ಆ ಮೇ ತಿಂಗಳಲ್ಲಿ ನಾವೆಲ್ಲ ಅರ್ಧರ್ಧ ಡಾಕ್ಟರರೇ ಆಗಿದ್ದೆವು. ಯಾರಾದರೂ ಸೀನಿದರೆ ಆಕ್ಸಿಜನ್ ಎಷ್ಟಿದೆ ಎಂದು ಕೇಳುತ್ತಿದ್ದೆವು. ನಾನಂತೂ ಕಳಸದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ನನ್ನ ಗತ್ತು ಕೇಳಬೇಕೆ.

ನಮ್ಮೂರು ಬಾಳೆಹಿತ್ಲು. ಕಳಸದಿಂದ ಹೊರನಾಡಿಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಬೇಕು. ಒಂದು ಮನೆಗೆ ಇನ್ನೊಂದು ಮನೆ ಕಾಣುವುದಿಲ್ಲ, ನಡುವೆಲ್ಲ ಕಾಫಿ ತೋಟ. ಊರ ನಡುವಿನ ದಿಬ್ಬದ ಮೇಲೆ ಈಶ್ವರ ದೇವಸ್ಥಾನವಿದೆ. ಪೂಜೆ ನಮ್ಮ ಮನೆತನದ್ದು. ಮಾವ ವೆಂಕಟರಾಮ ಭಟ್ಟರು ತೀರಿಕೊಂಡ ಮೇಲೆ ನನ್ನ ಗಂಡ ನಿರಂಜನ ಅದನ್ನು ನಡೆಸಿಕೊಂಡು ಬಂದಿದ್ದಾರೆ. ಮಗಳು ಗಾನವಿ ಮೂಡಿಗೆರೆಯ ನನ್ನ ತವರಿಗೆಂದು ಹೋದವಳು ಲಾಕ್‌ಡೌನಿನಿಂದ ಅಲ್ಲೇ ಸಿಕ್ಕಿಹಾಕಿಕೊಂಡಿದ್ದಳು. ಮನೆಯಲ್ಲಿ ನಾವು ಮೂವರೇ.

ಮುಟ್ಟಬೇಡ ಎನ್ನುವುದನ್ನು ನಮ್ಮ ಮನೆಗೆ ಸರ್ಕಾರ ಬಂದು ಕಲಿಸಬೇಕಾಗಿರಲಿಲ್ಲ. ಅತ್ತೆ ಭಾಗೀರಥಿ ಮಡಿಯ ವಿಷಯದಲ್ಲಿ ಕೂದಲೆಳೆಯಷ್ಟೂ ಬಗ್ಗುವವರಲ್ಲ. ಹೊರಗಿನಿಂದ ಬಂದವರು ಕೈಕಾಲು ತೊಳೆಯದೆ ಒಳಗೆ ಕಾಲಿಡುವಂತಿಲ್ಲ, ಪೇಟೆಯಿಂದ ತಂದ ಸಾಮಾನಿನ ಮೇಲೆ ನೀರು ಚಿಮುಕಿಸದೆ ಒಳಗಿಡುವಂತಿಲ್ಲ. ಇದೆಲ್ಲ ಗೊಡ್ಡು ಎಂದು ನಾನು ಮದುವೆಯಾದಾಗಿನಿಂದ ಜಗಳವಾಡಿದ್ದೆ. ಅದನ್ನೇ ಟಿವಿಯಲ್ಲಿ ಕೋಟು ಹಾಕಿದ ಡಾಕ್ಟರು ಹೇಳಿದ ದಿನ ಅತ್ತೆ ಒಮ್ಮೆ ನನ್ನ ಮುಖ ನೋಡಿದರು, ಏನೂ ಅನ್ನಲಿಲ್ಲ. ಏನಾದರೂ ಅಂದಿದ್ದರೇ ವಾಸಿಯಿತ್ತು.

ದೇವಸ್ಥಾನಗಳಿಗೆ ಜನ ಬರುವಂತಿರಲಿಲ್ಲ, ಅರ್ಚಕರೊಬ್ಬರೇ ಹೋಗಿ ಪೂಜೆ ಮುಗಿಸಬೇಕಿತ್ತು. ಆಗ ದೇವಸ್ಥಾನದ ಸಮಿತಿಯ ರಂಗನಾಥ ಗೌಡರು ಒಂದು ಉಪಾಯ ಮಾಡಿದರು. ಹಬ್ಬದ ಮೈಕನ್ನು ಹೊರತೆಗೆಸಿ, ಹಲಸಿನ ಮರಕ್ಕೆ ಸ್ಪೀಕರು ಕಟ್ಟಿಸಿದರು. ದೀಪ ಹಚ್ಚುವ ಹೊತ್ತಿಗೆ ನಿರಂಜನ ಘಂಟೆ ಬಾರಿಸಿ, ಊರಿನಲ್ಲಿ ಯಾರಿಗೆ ಹುಷಾರಿಲ್ಲವೋ ಅವರ ಹೆಸರು, ನಕ್ಷತ್ರ ಹೇಳಿ ಅರ್ಚನೆ ಮಾಡಬೇಕು, ತೋಟದಾಚೆಯ ಮನೆಗಳವರೆಲ್ಲ ತಂತಮ್ಮ ಅಂಗಳದಲ್ಲಿ ನಿಂತು ಕೈಮುಗಿಯಬೇಕು. ನನಗೆ ಮೊದಮೊದಲು ನಗು ಬರುತ್ತಿತ್ತು. ಆದರೆ ಇಡೀ ದಿನ ಬರೀ ಸಾವಿನ ಸುದ್ದಿ ಕೇಳಿ ಕೇಳಿ, ಸಂಜೆ ಆ ಘಂಟೆ ಕೇಳಿದರೆ ನನ್ನ ಎದೆಯೂ ಒಂದಿಷ್ಟು ಹಗುರಾಗುತ್ತಿತ್ತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಉಪಾಯ ಮಾಡಿದ ಗೌಡರೇ ಸ್ವಲ್ಪ ದಿನಕ್ಕೆ ಜ್ವರ ಬಂದು ಚಿಕ್ಕಮಗಳೂರಿನ ಆಸ್ಪತ್ರೆ ಸೇರಿದರು. ಅವರ ಹೆಂಡತಿ ದ್ಯಾವಮ್ಮನನ್ನು ಹತ್ತಿರ ಬಿಡಲಿಲ್ಲ. ಅವರ ಮನೆ ಎತ್ತರದಲ್ಲಿದೆ, ಮೊಬೈಲಿಗೆ ನೆಟ್‌ವರ್ಕ್ ಸಿಗುತ್ತದೆ. ಪ್ರತಿ ಸಂಜೆ ಘಂಟೆ ಶುರುವಾದ ಕೂಡಲೇ ಅವರು ಗಂಡನಿಗೆ ಫೋನು ಹಚ್ಚಿ, ಮೊಬೈಲನ್ನು ಸ್ಪೀಕರಿನ ದಿಕ್ಕಿಗೆ ಎತ್ತಿ ಹಿಡಿಯುತ್ತಿದ್ದರು. ಆಮೇಲೆ ನಮ್ಮ ಮನೆಯ ಲ್ಯಾಂಡ್‌ಲೈನಿಗೆ ಫೋನು ಮಾಡಿ, ಇವರಿಗೆ ಕೇಳಿಸಿತಂತೆ, ಹೆಸರು ಹೇಳಿದಾಗ ಕಣ್ಣು ಬಿಟ್ಟರಂತೆ, ಎಂದು ಅತ್ತೆಗೆ ಹೇಳಿ ಇಡುತ್ತಿದ್ದರು.

ನಿರಂಜನ ಹೇಳುವ ಹೆಸರುಗಳಲ್ಲಿ ಕೊನೆಯದು ನಮ್ಮ ಮನೆಯದೇ. ರವಿಶಂಕರ, ಅನುರಾಧಾ ನಕ್ಷತ್ರ, ವೃಶ್ಚಿಕ ರಾಶಿ. ನಿರಂಜನರ ಅಣ್ಣ, ನನ್ನ ಭಾವ. ಹಿರಿಯ ಮಗನಾದ್ದರಿಂದ ಪೂಜೆ ಅವರಿಗೇ ಬರಬೇಕಿತ್ತು. ಮಂತ್ರ ನಾಲಿಗೆಗೆ ಹತ್ತಲಿಲ್ಲ, ಸೌಟು ಕೈಗೆ ಹತ್ತಿತು ಎಂದು ಅವರೇ ತಮ್ಮನ್ನು ಗೇಲಿ ಮಾಡಿಕೊಳ್ಳುತ್ತಿದ್ದರು. ಕೆಲವು ವರ್ಷ ಹೊರನಾಡಿನಲ್ಲಿ ಅಡುಗೆ ಮಾಡಿ, ಆಮೇಲೆ ಪುಣೆಯ ಒಂದು ಮೆಸ್ಸಿಗೆ ಹೋದರು. ಮದುವೆ ಮಾಡಿಕೊಳ್ಳಲಿಲ್ಲ. ನಾನು ಈ ಮನೆಗೆ ಬಂದ ಹೊಸತರಲ್ಲಿ ಕೆಸುವಿನ ಎಲೆಯ ಪತ್ರೊಡೆಗೆ ಹುಳಿ ಕಡಿಮೆ ಹಾಕಿ, ತಿಂದವರ ಗಂಟಲೆಲ್ಲ ತುರಿಸುವಂತೆ ಮಾಡಿದ್ದೆ. ರಜೆಗೆ ಬಂದಿದ್ದ ಭಾವ, ಹಿಟ್ಟು ಕಲಸಿದ್ದು ತಾನು ಎಂದು ಅಮ್ಮನ ಬೈಗುಳ ತಿಂದರು. ಅವರು ಪ್ರತಿ ಭಾನುವಾರ ಸಂಜೆ ಲ್ಯಾಂಡ್‌ಲೈನಿಗೆ ಫೋನು ಮಾಡುತ್ತಿದ್ದರು. ಅತ್ತೆ ಮಧ್ಯಾಹ್ನದಿಂದಲೇ ಫೋನಿನ ಹತ್ತಿರ ಹೂಬತ್ತಿ ಹೊಸೆಯುತ್ತಾ ಕೂತಿರುತ್ತಿದ್ದರು.

ಕೊನೆಯ ಸಲ ಫೋನು ಮಾಡಿದಾಗ ಭಾವನ ಗಂಟಲು ಕಟ್ಟಿತ್ತು. ಸ್ವಲ್ಪ ಶೀತ ಅಷ್ಟೇ, ಆದರೆ ಸಾರಿಗೆ ಒಗ್ಗರಣೆ ಹಾಕಿದರೆ ವಾಸನೆಯೇ ಬರುತ್ತಿಲ್ಲ, ಅಡುಗೆಯವನ ಮೂಗು ಹೋದರೆ ಸಂಬಳ ಕೊಡುವವರು ಯಾರು ಎಂದು ನಕ್ಕರಂತೆ. ಅತ್ತೆ ನಗಲಿಲ್ಲ. ಮರುದಿನದಿಂದ ಮೈಕಿನಲ್ಲಿ ಅವರ ಹೆಸರೂ ಸೇರಿತು.

ಆ ವಾರದ ಗುರುವಾರ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದಕ್ಕೆ ಹೋಗಿದ್ದರಿಂದ ಆನ್‌ಲೈನ್ ಪಾಠ ಇನ್ನೂ ಮುಗಿದಿರಲಿಲ್ಲ. ನಾನು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡದ ನೀರಿನ ಟ್ಯಾಂಕಿನ ಹತ್ತಿರ ಕೂತು ಪಾಠ ಮುಗಿಸಿ ಮನೆಗೆ ಬಂದರೆ, ಅತ್ತೆ ತಮ್ಮ ಚಾಪೆ, ಲೋಟ, ತಟ್ಟೆ ಎತ್ತಿಕೊಂಡು ಹಿಂದಿನ ಜಗಲಿಗೆ ಹೋಗಿಬಿಟ್ಟಿದ್ದರು. ನನ್ನನ್ನು ಕಂಡು ಕೈಯಲ್ಲೇ ತಡೆದರು. ಹತ್ತಿರ ಬರಬೇಡ, ಅಡುಗೆ ಇನ್ನು ನೀನೇ ನೋಡಿಕೋ, ನನ್ನ ಊಟ ಹೊಸಿಲ ಹತ್ತಿರ ಇಟ್ಟು ಹೋಗು ಎಂದರು. ಮೈಯಲ್ಲಿ ಹುಷಾರಿಲ್ಲವೇ ಎಂದರೆ, ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ.

ನನಗೆ ಇನ್ನೇನು ಬೇಕಿತ್ತು? ದೇವಸ್ಥಾನದಿಂದ ಬಂದ ನಿರಂಜನರಿಗೆ ಹೇಳಿದೆ. ಅವರು ಅಂಗಳದಲ್ಲೇ ಗರಬಡಿದವರ ಹಾಗೆ ನಿಂತುಬಿಟ್ಟರು. ಅವರ ಮುಖ ಆಗಲೇ ಬಾಡಿತ್ತು. ನಾನು ಅದನ್ನೂ ಅತ್ತೆಯ ಲೆಕ್ಕಕ್ಕೆ ಹಾಕಿದೆ.

ಮುಂದಿನ ಎರಡು ದಿನ ನಾನು ಬದುಕಿದ್ದು ಹೇಗೋ ನನಗೇ ಗೊತ್ತಿಲ್ಲ. ಅತ್ತೆ ಬೆಳಗಾಗುತ್ತಲೇ ಬಾವಿ ನೀರು ಸೇದಿ ತಲೆಗೆ ಹೊಯ್ದುಕೊಳ್ಳುತ್ತಿದ್ದರು. ಜ್ವರ ಇದ್ದವರು ತಣ್ಣೀರು ಹೊಯ್ದುಕೊಳ್ಳುವುದುಂಟೇ ಎಂದು ನಾನು ದೂರದಿಂದಲೇ ಕೂಗಾಡಿದೆ. ನೆಲದ ಮೇಲೆ ಮಲಗುತ್ತಿದ್ದರು. ತುಳಸಿಕಟ್ಟೆಯ ಕಡೆ ಸುಳಿಯಲಿಲ್ಲ. ಸಾರಿಗೆ ಒಗ್ಗರಣೆ ಬೇಡ ಎಂದರು. ನಿರಂಜನ ಸಂಜೆ ಪ್ರಸಾದದ ದಾಸವಾಳ ತಂದು ಕೊಡಲು ಹೋದರೆ, ಕಿಟಕಿಯ ಮೇಲಿಡು ಎಂದರು. ಮೊದಲಾದರೆ ಎರಡು ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಳ್ಳುವವರು, ಈಗ ಹೂವು ಕಿಟಕಿಯಲ್ಲೇ ಒಣಗಿದರೂ ಮುಟ್ಟಲಿಲ್ಲ. ನಾನು ಪುರೋಹಿತರ ಮನೆಯಲ್ಲೇ ಹುಟ್ಟಿ, ಪುರೋಹಿತರ ಮನೆಗೇ ಬಂದವಳು. ಬೇರೆ ಯಾವ ಕಾಲದಲ್ಲಾದರೂ ಇಷ್ಟನ್ನು ನೋಡಿದ್ದರೆ ಒಂದು ಕ್ಷಣದಲ್ಲಿ ತಿಳಿಯುತ್ತಿತ್ತು. ಆದರೆ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಆ ತಿಂಗಳು ನನಗೆ ಕಂಡದ್ದೆಲ್ಲ ಕೊರೊನಾ.

ಆಶಾ ಕಾರ್ಯಕರ್ತೆ ರೂಪಶ್ರೀಗೆ ಹೇಳಿ ಕಳಿಸಿದೆ. ಅವಳು ಶನಿವಾರ ಮುಖಕ್ಕೆ ಪ್ಲಾಸ್ಟಿಕ್ ಪರದೆ ಕಟ್ಟಿಕೊಂಡು ಬಂದು ಟೆಸ್ಟ್ ಮಾಡಿದಳು. ಅತ್ತೆ ಮೂಗು ಕೊಟ್ಟು ಸುಮ್ಮನೆ ಕೂತರು. ನೆಗೆಟಿವ್. ಆಕ್ಸಿಜನ್ ನನಗಿಂತ ಚೆನ್ನಾಗಿತ್ತು. ನನಗೆ ಹೋದ ಜೀವ ಬಂದ ಹಾಗಾಯಿತು, ಅದರ ಹಿಂದೆಯೇ ಸಿಟ್ಟೂ ಬಂತು. ಇನ್ನಾದರೂ ಒಳಗೆ ಬನ್ನಿ ಎಂದೆ. ಅತ್ತೆ ಇನ್ನು ಸ್ವಲ್ಪ ದಿನ ಇಲ್ಲೇ ಇರುತ್ತೇನೆ ಎಂದು ಗೋಡೆಗೆ ತಿರುಗಿ ಮಲಗಿದರು.

ಮರುದಿನ ಭಾನುವಾರ. ಸಂಜೆಯಾದರೂ ಅತ್ತೆ ಫೋನಿನ ಸುದ್ದಿ ಎತ್ತಲಿಲ್ಲ. ನಾನೇ ಕಾದೆ. ಅದು ಹೊಡೆದುಕೊಳ್ಳಲಿಲ್ಲ. ನಿರಂಜನ ದೇವಸ್ಥಾನಕ್ಕೆ ಹೋಗಿಯಾಗಿತ್ತು. ನಾನು ಟ್ಯಾಂಕಿನ ಹತ್ತಿರ ಓಡಿ ಭಾವನ ಮೊಬೈಲಿಗೆ ಹಚ್ಚಿದರೆ ಸ್ವಿಚ್ ಆಫ್. ಗುಡ್ಡ ಇಳಿಯುತ್ತಿರುವಾಗ ಘಂಟೆ ಶುರುವಾಯಿತು. ಹೆಸರುಗಳು ಒಂದೊಂದಾಗಿ ಬಂದವು. ರಂಗನಾಥ, ರೋಹಿಣಿ ನಕ್ಷತ್ರ, ವೃಷಭ ರಾಶಿ. ಕೊನೆಗೆ ರವಿಶಂಕರ. ಹಿತ್ತಿಲ ಬೇಲಿಯಾಚೆಯಿಂದ ನನಗೆ ಅತ್ತೆ ಕಂಡರು. ಉಳಿದವರೆಲ್ಲ ಆ ಹೊತ್ತಿಗೆ ಅಂಗಳದಲ್ಲಿ ನಿಂತು ಕೈಮುಗಿಯುತ್ತಾರೆ. ಅತ್ತೆ ಕೂತಲ್ಲೇ ಕೂತಿದ್ದರು, ಕೈ ಮುಗಿದಿರಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡು, ಕತ್ತು ಸ್ಪೀಕರಿನ ಕಡೆ ಚಾಚಿ ಕೇಳುತ್ತಿದ್ದರು. ಒಣಗಿದ ಹೂವು, ಒಗ್ಗರಣೆ ಇಲ್ಲದ ಸಾರು, ತಣ್ಣೀರು, ಚಾಪೆ ಎಲ್ಲವೂ ಒಟ್ಟಿಗೆ ನನ್ನ ತಲೆಗೆ ಬಂದವು.

ಹೋಗಿ ಎದುರು ನಿಂತೆ. ಭಾವನಿಗೆ ಏನಾಯಿತು ಎಂದು ಕೇಳಲು ಬಾಯಿ ತೆರೆದೆ.

"ಮುಂದೆ ಕೇಳ್ಬೇಡ ಮಾರಾಯ್ತಿ," ಎಂದರು ಅತ್ತೆ. "ಕೇಳಿದ್ರೆ ನಿನಗೂ ಬರ್ತದೆ."

ನಮ್ಮಲ್ಲಿ ಸೂತಕ ಸಾವಿನಿಂದ ಹತ್ತು ದಿನ. ಆದರೆ ದೂರದಲ್ಲಿ ಸತ್ತರೆ, ಸುದ್ದಿ ಕಿವಿಗೆ ಬೀಳುವವರೆಗೆ ಸೂತಕವಿಲ್ಲ. ಕೇಳದವನು ಶುದ್ಧ. ಕೇಳಿದವನು ದೇವರನ್ನು ಮುಟ್ಟುವಂತಿಲ್ಲ, ನೈವೇದ್ಯ ಬೇಯಿಸುವಂತಿಲ್ಲ, ಪ್ರಸಾದ ಮುಟ್ಟುವಂತಿಲ್ಲ. ನಮ್ಮ ಮನೆಯಲ್ಲಿ ಅಂಟುತ್ತಿದ್ದದ್ದು ರೋಗವಲ್ಲ, ಸುದ್ದಿ. ಅತ್ತೆ ಅದನ್ನು ಒಬ್ಬರೇ ಹಿಡಿದುಕೊಂಡು ಹಿಂದಿನ ಜಗಲಿಯಲ್ಲಿ ಕೂತಿದ್ದರು.

ಅವರು ಹೇಳದೆಯೇ ನನಗೆ ಬಂದಾಗಿತ್ತು. ಆಮೇಲೆ ಹೇಳಿದರು. ಗುರುವಾರ ಬೆಳಗ್ಗೆ ಮೆಸ್ಸಿನ ಯಜಮಾನ ಲ್ಯಾಂಡ್‌ಲೈನಿಗೆ ಫೋನು ಮಾಡಿದ್ದನಂತೆ. ರಾತ್ರಿ ಉಸಿರಾಟ ಕಷ್ಟವಾಗಿ ಆಸ್ಪತ್ರೆಗೆ ಸೇರಿಸಿದರು, ಬೆಳಗಾಗುವಷ್ಟರಲ್ಲಿ ಹೋದರು. ಕಾರ್ಪೊರೇಷನ್ನಿನವರೇ ಸುಡಲು ಒಯ್ದರು, ನಮಗೆ ಮುಖವನ್ನೂ ತೋರಿಸಲಿಲ್ಲ ಎಂದನಂತೆ. ಅತ್ತೆ ಸರಿ ಎಂದು ಫೋನಿಟ್ಟು, ಚಾಪೆ ಎತ್ತಿಕೊಂಡರು.

ನನಗೆ ಅಳುವಿಗಿಂತ ಮೊದಲು ಸಿಟ್ಟೇ ಬಂತು. ಒಡಹುಟ್ಟಿದ ತಮ್ಮನಿಗೆ ಹೇಳದೆ ಇರುವುದು ಯಾವ ನ್ಯಾಯ, ದಿನಾ ಸತ್ತವರ ಹೆಸರಿನಲ್ಲಿ ಆಯುಷ್ಯ ಬೇಡಿಸುತ್ತಿದ್ದೀರಲ್ಲ ಎಂದು ಕೇಳಿಬಿಟ್ಟೆ.

"ಹೇಳಿದ್ರೆ ಗುಡಿ ಬಾಗ್ಲು ಹಾಕ್ಬೇಕು," ಎಂದರು ಅತ್ತೆ. "ಕಳಸದ ಭಟ್ರ ಮನೆ ಸೀಲ್ ಆಗಿದೆ, ಬದ್ಲಿಗೆ ಬರೋರು ಯಾರೂ ಇಲ್ಲ. ನಿಮ್ಮ ಮಾವ ಹೋದಾಗ್ಲೂ ಬೇರೆಯವ್ರು ಬಂದು ದೀಪ ಉಳಿಸಿದ್ರು. ಅಲ್ಲಿ ಗೌಡ್ರು ಆ ಘಂಟೆ ಕೇಳ್ಕೊಂಡು ಮಲ್ಗಿದಾರೆ. ನನ್ ಮಗ ಉಳೀಲಿಲ್ಲ. ದ್ಯಾವಮ್ಮನ ಗಂಡನಾದ್ರೂ ಉಳೀಲಿ."

ಅವರು ಎಲ್ಲವನ್ನೂ ಯೋಚಿಸಿದ್ದರು. ಹತ್ತನೇ ದಿನ ಬೆಳಗ್ಗೆ ಮಗನಿಗೆ ಹೇಳುವುದು. ಹತ್ತರೊಳಗೆ ಕೇಳಿದವರಿಗೆ ಉಳಿದ ದಿನಗಳದ್ದಷ್ಟೇ ಸೂತಕ. ಅವತ್ತೊಂದು ದಿನ ಗುಡಿಯ ಬಾಗಿಲು ಮುಚ್ಚಿ, ಹಳ್ಳದಲ್ಲಿ ತಮ್ಮನಾದವನು ಅಣ್ಣನ ಹೆಸರಿನಲ್ಲಿ ನೀರು ಬಿಡಬೇಕು. ಧರ್ಮೋದಕ ಅಂದರೆ ಅದೇ. ಬಂಧುಗಳು ಸತ್ತವನಿಗೆ ಕೊಡುವ ನೀರು. ಅದು ತಪ್ಪಿದರೆ ಹೋದವನು ಬಾಯಾರಿಕೊಂಡೇ ಅಲೆಯುತ್ತಾನೆ ಎಂದು ಅತ್ತೆಯ ನಂಬಿಕೆ. ಅಲ್ಲಿಯವರೆಗೆ ನನ್ನ ಮಗ ಕಾಯಲಿ, ಚಿಕ್ಕಂದಿನಿಂದ ಬಡಿಸುವವನು ಅವನು, ಕೊನೆಯಲ್ಲೇ ಊಟಕ್ಕೆ ಕೂರುತ್ತಿದ್ದ ಎಂದರು. ಅಷ್ಟು ಹೇಳುವಾಗ ಮಾತ್ರ ಅವರ ದನಿ ಒಡೆಯಿತು. ನಾನು ಹತ್ತಿರ ಹೋಗಿ ಕೈ ಹಿಡಿದುಕೊಂಡೆ. ಇನ್ನು ಇಬ್ಬರದ್ದೂ ಒಂದೇ ಸೂತಕ, ಮುಟ್ಟುವುದಕ್ಕೆ ಅಡ್ಡಿಯಿರಲಿಲ್ಲ. ಈ ಮನೆಗೆ ಬಂದು ಇಷ್ಟು ವರ್ಷದಲ್ಲಿ ನಾನು ಅವರ ಕೈ ಹಿಡಿದದ್ದು ಅದೇ ಮೊದಲು.

ಈಗ ನನಗೊಂದು ತೊಂದರೆ ಬಂತು. ನೈವೇದ್ಯ ಬೇಯಿಸುವವಳು ನಾನೇ. ನನಗೆ ಈ ಕಟ್ಟಳೆಗಳಲ್ಲಿ ಅಷ್ಟೇನೂ ನಂಬಿಕೆಯಿಲ್ಲ. ಆದರೆ ಅತ್ತೆ ಮಗನ ಸಾವನ್ನೇ ನುಂಗಿ ಕಾಪಾಡುತ್ತಿರುವುದನ್ನು ನಾನು ಒಂದು ಸೇರು ಅಕ್ಕಿ ಬೇಯಿಸಿ ಕೆಡಿಸುವುದೇ? ನಿರಂಜನರಿಗೆ ಹೊರಗಾಗಿದ್ದೇನೆ ಎಂದು ಸುಳ್ಳು ಹೇಳಿದೆ. ಅವರು ಆಯಿತು ಎಂದು ತಾವೇ ಒಲೆ ಹಚ್ಚಿದರು. ಹಿಂದಿನ ವಾರವಷ್ಟೇ ನಾನು ಹೊರಗಿದ್ದೆ. ಮಡಿ ಮಾಡುವ ಮನೆಯಲ್ಲಿ ಇದು ಲೆಕ್ಕ ತಪ್ಪುವ ಸಂಗತಿಯಲ್ಲ. ಆದರೂ ಅವರು ಕೇಳಲಿಲ್ಲ. ಗಂಡಸರಿಗೆ ಇಂಥದ್ದೆಲ್ಲ ಎಲ್ಲಿ ನೆನಪಿರುತ್ತದೆ ಎಂದುಕೊಂಡೆ. ದಿನಗಳು ಕಳೆದರೂ ನಾನು ಒಳಗಾಗಲಿಲ್ಲ, ಅದನ್ನೂ ಅವರು ಕೇಳಲಿಲ್ಲ.

ಆ ವಾರದಷ್ಟು ಕೆಟ್ಟ ವಾರವನ್ನು ನಾನು ಕಂಡಿಲ್ಲ. ಹಗಲಿಡೀ ಹೇಗೋ ತಳ್ಳುತ್ತಿದ್ದೆ, ಮಕ್ಕಳಿಗೆ ಬೆಳಕಿನ ಪ್ರತಿಫಲನ ಹೇಳಿಕೊಡುತ್ತಿದ್ದೆ. ಸಂಜೆಯಾಗುವುದೇ ಭಯ. ಸ್ಪೀಕರು ಕರಕರ ಎಂದ ಕೂಡಲೇ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಬಿಡುತ್ತಿದ್ದೆ. ಆದರೂ ಕೇಳಿಸುತ್ತಿತ್ತು. ಬೂದಿಯಾದ ಮನುಷ್ಯನಿಗೆ ಅವರ ತಮ್ಮ ದೀರ್ಘಾಯುಷ್ಯ ಬೇಡುತ್ತಿದ್ದರು. ನನಗೆ ಹುಳಿ ಹಾಕುವುದು ಕಲಿಸಿದವರು, ನನ್ನ ತಪ್ಪಿಗೆ ಬೈಸಿಕೊಂಡು ಕಣ್ಣು ಮಿಟುಕಿಸಿದವರು. ಅವರಿಗಾಗಿ ಈ ಮನೆಯಲ್ಲಿ ಗಟ್ಟಿಯಾಗಿ ಅಳುವಂತೆಯೂ ಇರಲಿಲ್ಲ. ಎಲ್ಲ ಮುಗಿದ ಮೇಲೆ ದ್ಯಾವಮ್ಮನ ಫೋನು ಬರುತ್ತಿತ್ತು. ಅತ್ತೆ ಜಗಲಿಯಲ್ಲಿದ್ದಾರೆಂದು ನಾನೇ ಎತ್ತುತ್ತಿದ್ದೆ. ಗೌಡರು ಇವತ್ತು ಎರಡು ಚಮಚ ಗಂಜಿ ಕುಡಿದರಂತೆ, ಭಟ್ಟರಿಗೆ ಹೇಳಿ ಎನ್ನುತ್ತಿದ್ದರು. ಆ ಹೆಂಗಸಿನ ದನಿಯಲ್ಲಿದ್ದ ಆಸೆ ಕೇಳಿದರೆ ಅತ್ತೆ ಮಾಡಿದ್ದೇ ಸರಿ ಎನಿಸುತ್ತಿತ್ತು. ಫೋನಿಟ್ಟ ಮೇಲೆ ಎನಿಸುತ್ತಿರಲಿಲ್ಲ.

ಒಂಬತ್ತನೇ ದಿನದ ಸಂಜೆ ನನ್ನ ತಾಳ್ಮೆ ಮುಗಿಯಿತು. ನಾಳೆ ಬೆಳಗ್ಗೆ ಹೇಗೂ ತಿಳಿಯಬೇಕಾದ್ದು, ಒಂದು ರಾತ್ರಿ ಮೊದಲು ತಿಳಿದರೆ ಯಾವ ದೇವರು ಮುನಿಯುತ್ತಾನೆ? ಇನ್ನೊಂದು ಸಲ ಅವರ ಬಾಯಲ್ಲಿ ಆ ಹೆಸರು ಕೇಳಲಾರೆ ಎನಿಸಿತು. ಅತ್ತೆಗೆ ಹೇಳದೆ ದೇವಸ್ಥಾನದ ಮೆಟ್ಟಿಲ ತನಕ ಹೋದೆ. ಒಳಗೆ ಹೋಗುವಂತಿಲ್ಲ, ಹೊರಗಿನಿಂದ ಕರೆದರಾಯಿತು ಎಂದುಕೊಂಡಿದ್ದೆ.

ಕರೆಯಬೇಕಾಗಲಿಲ್ಲ. ನಿರಂಜನ ಹೊರಗೇ ಇದ್ದರು. ಅಂಗಳದ ಹಲಸಿನ ಮರದ ಬುಡದಲ್ಲಿ, ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಕೈಘಂಟೆ ಹಿಡಿದು ನೆಲದ ಮೇಲೆ ಕೂತಿದ್ದರು. ಗುಡಿಯ ಬಾಗಿಲಿಗೆ ಬೀಗ. ಬಾಗಿಲ ಸಂದಿಯಲ್ಲಿ ದೀಪದ ಬೆಳಕಿರಲಿಲ್ಲ. ಮೆಟ್ಟಿಲ ಮೇಲೆಲ್ಲ ಗುಡಿಸದ ತರಗೆಲೆ. ಅವರು ನನ್ನನ್ನು ನೋಡಿದರು, ಆದರೆ ನಿಲ್ಲಿಸಲಿಲ್ಲ. ಘಂಟೆ ಬಾರಿಸುತ್ತಾ, ಹೆಸರುಗಳನ್ನು ಹೇಳುತ್ತಾ ಹೋದರು. ರಂಗನಾಥ. ಕೊನೆಗೆ ರವಿಶಂಕರ, ಅನುರಾಧಾ ನಕ್ಷತ್ರ. ಆ ಹೆಸರಿನಲ್ಲಿ ದನಿ ಸ್ವಲ್ಪವೂ ನಡುಗಲಿಲ್ಲ, ಕಣ್ಣಿನಿಂದ ಮಾತ್ರ ನೀರು ಸುರಿಯುತ್ತಿತ್ತು. ಮೈಕು ಆರಿಸಿದ ಮೇಲೆಯೇ ಅವರು ನನ್ನ ಕಡೆ ತಿರುಗಿದ್ದು.

"ಅಣ್ಣ ಹೋದ," ಎಂದರು. "ಅಮ್ಮಂಗೆ ಹೇಳ್ಬೇಡ."

ಅದೇ ಗುರುವಾರ ಭಾವನ ಜೊತೆ ಕೆಲಸ ಮಾಡುವ ಹುಡುಗನೊಬ್ಬ ಇವರ ಮೊಬೈಲಿಗೆ ಮೆಸೇಜು ಹಾಕಿದ್ದನಂತೆ. ದಿಬ್ಬದ ಮೇಲೆ ಇವರಿಗೆ ಸಿಕ್ಕಿತ್ತು. ಅಮ್ಮನಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಾ ಮನೆಗೆ ಬಂದರೆ, ಅಂಗಳದಲ್ಲೇ ನಾನು ಅತ್ತೆಗೆ ಕೊರೊನಾ ಎಂದಿದ್ದೆ. ಅಂಥ ಹೊತ್ತಿನಲ್ಲಿ ಹೇಳಿದರೆ ಅಮ್ಮನೂ ಉಳಿಯುವುದಿಲ್ಲ ಎಂದು ಹೆದರಿದರು. ಟೆಸ್ಟು ನೆಗೆಟಿವ್ ಬಂದರೂ ಅಮ್ಮ ಏಳಲಿಲ್ಲ, ಇವರ ಹೆದರಿಕೆಯೂ ಹೋಗಲಿಲ್ಲ. ಸೂತಕದ ಮೈಯಲ್ಲಿ ಗರ್ಭಗುಡಿಗೆ ಕಾಲಿಡಲು ಮನಸ್ಸು ಬರಲಿಲ್ಲ. ಬೀಗ ಹಾಕಿ ಹೊರಗೆ ಕೂತರು. ಘಂಟೆ ನಿಲ್ಲಿಸಿದರೆ ಅಮ್ಮನಿಗೆ ತಿಳಿಯುತ್ತದೆ, ಊರಿಗೆ ತಿಳಿಯುತ್ತದೆ, ಆದ್ದರಿಂದ ಘಂಟೆ ಬಾರಿಸಿದರು. ನಾನು ಬೇಯಿಸಿ ಕೊಟ್ಟ, ಆಮೇಲೆ ತಾವೇ ಬೇಯಿಸಿದ ನೈವೇದ್ಯವನ್ನೆಲ್ಲ ಹಳ್ಳದ ಮೀನಿಗೆ ಹಾಕಿದರು. ಅತ್ತೆ ಮುಟ್ಟದೆ ಕಿಟಕಿಯಲ್ಲಿ ಒಣಗಿಸಿದ ದಾಸವಾಳ ದೇವರ ತಲೆ ಕಂಡೇ ಇರಲಿಲ್ಲ, ಅಂಗಳದ ಗಿಡದ್ದು. ಎರಡನೇ ದಿನಕ್ಕೆ ಒಳಗಿನ ದೀಪ ಆರಿತು, ಬಾಗಿಲ ಸಂದಿಯಿಂದ ನೋಡುತ್ತಾ ಕೂತಿದ್ದೆ ಎಂದರು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಾಯಿ ಮಗ ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಾ ಕೂತು, ಹೋದವರಿಗೆ ಅಳುವವರೇ ಇಲ್ಲದಂತೆ ಮಾಡಿದ್ದರು. ನನ್ನ ಬಾಯಿ ಮೊದಲೇ ನಿಲ್ಲುವಂಥದ್ದಲ್ಲ.

"ನಿಮ್ಮಮ್ಮಂಗೆ ಕೊರೊನಾ ಅಲ್ಲ," ಎಂದೆ. "ಅವ್ರು ಸೂತಕದಲ್ಲಿ ಕೂತಿದಾರೆ."

ಮನೆಗೆ ಬಂದಾಗ ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ನಿರಂಜನ ಹಿತ್ತಿಲಿನಿಂದಲೇ ಹೋಗಿ ಜಗಲಿಯ ಕೆಳಗೆ ನಿಂತರು. ಅತ್ತೆ ಮಗನ ಮುಖ ನೋಡಿ, ಆಮೇಲೆ ನನ್ನ ಕಡೆ ನೋಡಿದರು. ನಾನು ಹೇಳಿಬಿಟ್ಟೆ ಎಂದು ಎಣಿಸಿರಬೇಕು. ಸಿಟ್ಟು ಮಾಡಲು ಹೊರಟವರು ಮಗ ಬಾಯಿ ತೆರೆದದ್ದರಿಂದ ನಿಂತರು. ನಿರಂಜನ ತಲೆ ತಗ್ಗಿಸಿಕೊಂಡೇ ಎಲ್ಲವನ್ನೂ ಹೇಳಿದರು. ಮೆಸೇಜು, ಬೀಗ, ಆರಿದ ದೀಪ, ಯಾವುದನ್ನೂ ಬಿಡಲಿಲ್ಲ.

ಅತ್ತೆ ಎಲ್ಲವನ್ನೂ ಕೊಟ್ಟು ಉಳಿಸಿದ್ದ ಪೂಜೆ ನಡೆದೇ ಇರಲಿಲ್ಲ. ಬೈಯುತ್ತಾರೆಂದು ನಾನು ಕಾದೆ. ಎದೆ ಬಡಿದುಕೊಳ್ಳುತ್ತಾರೆಂದು ಕಾದೆ.

"ಮತ್ತೆ ದಿನಾ ಅವನ ಹೆಸ್ರು ಹೇಳ್ತಿದ್ಯಲ್ಲ?" ಎಂದರು ಕೊನೆಗೆ.

"ನಿಂಗೆ ಕೇಳ್ಲಿ ಅಂತ ಅಮ್ಮ. ಬಿಟ್ರೆ ನಿಂಗೆ ಗೊತ್ತಾಗ್ತದೆ ಅಂತ."

"ಕೇಳ್ತಿದ್ದೆ," ಎಂದರು ಅತ್ತೆ. "ನೀನು ಅವನ ಹೆಸ್ರು ಹೇಳೋ ಅಷ್ಟು ಹೊತ್ತು ಅವನು ಇದಾನೆ ಅನ್ನಿಸ್ತಿತ್ತು. ಸುಳ್ಳು ಅಂತ ಗೊತ್ತಿದ್ರೂ ಸಂಜೆ ಆಗೋದನ್ನೇ ಕಾಯ್ತಿದ್ದೆ."

ಆಮೇಲೆ ನಾವು ಮೂವರೂ ಅತ್ತೆವು. ಗಟ್ಟಿಯಾಗಿ, ಯಾರಿಗೆ ಕೇಳಿಸಿದರೂ ಕೇಳಿಸಲಿ ಎಂದು. ಊರಿನಲ್ಲಿ ಯಾರಿಗೂ ಕೇಳಿಸಲಿಲ್ಲ, ನಮ್ಮ ಮನೆಯಿಂದ ಇನ್ನೊಂದು ಮನೆ ಅಷ್ಟು ದೂರ. ದ್ಯಾವಮ್ಮನ ಫೋನು ಆ ಸಂಜೆಯೂ ಹೊಡೆದುಕೊಂಡು ತಾನೇ ನಿಂತಿತು.

ಮರುದಿನ ಬೆಳಗ್ಗೆ ನಿರಂಜನ ಹಳ್ಳಕ್ಕೆ ಹೋದರು. ಕ್ಷೌರದವರು ಬರುವಂತಿರಲಿಲ್ಲ, ನಾನೇ ಕತ್ತರಿ, ಬ್ಲೇಡು ಹಿಡಿದು ಅವರ ತಲೆ ಬೋಳಿಸಿದೆ, ಎರಡು ಕಡೆ ಗಾಯವೂ ಮಾಡಿದೆ. ಮಾಡಿಸುವ ಪುರೋಹಿತರಿಲ್ಲ, ಜೊತೆಗೆ ನಿಲ್ಲಲು ನಾಲ್ಕು ಜನ ನೆಂಟರಿಲ್ಲ. ಪುಣೆಯಲ್ಲಿ ಬೂದಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಹಳ್ಳದ ಒಂದು ಕಲ್ಲನ್ನೇ ಅಣ್ಣ ಎಂದು ಇಟ್ಟುಕೊಂಡು, ನೆನಪಿದ್ದ ಮಂತ್ರ ಹೇಳಿ, ಮಂಡಿಯುದ್ದ ನೀರಿನಲ್ಲಿ ನಿಂತು ಅವರು ನೀರು ಬಿಟ್ಟರು. ಅತ್ತೆ ದಡದಲ್ಲಿ ಕೂತು, ಇನ್ನೊಂದು ಬಿಡು, ಇನ್ನೊಂದು ಬಿಡು ಎನ್ನುತ್ತಲೇ ಇದ್ದರು. ಇಷ್ಟು ದಿನ ಬಾಯಾರಿಕೆಯಾಗಿರುತ್ತದೆ ಎಂದರು.

ಆ ಸಂಜೆ ಘಂಟೆ ಬಾರಿಸಲಿಲ್ಲ. ಕತ್ತಲಾಗುತ್ತಾ ಬಂದಂತೆ ಊರು ಕಿವಿ ಕೊಟ್ಟು ಕಾಯುತ್ತಿರುವುದು ನಮಗೆ ಮನೆಯೊಳಗಿದ್ದೇ ಗೊತ್ತಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಫೋನು ಹೊಡೆದುಕೊಂಡಿತು. ನಾನು ಏಳುವ ಮೊದಲೇ ಅತ್ತೆ ಎದ್ದರು. ಸುದ್ದಿ ಬಂದ ಗುರುವಾರದ ನಂತರ ಅವರು ಆ ಫೋನು ಮುಟ್ಟಿದ್ದು ಅವತ್ತೇ. ದ್ಯಾವಮ್ಮನ ದನಿ ದೊಡ್ಡದು, ಪಕ್ಕದಲ್ಲಿದ್ದ ನನಗೂ ಕೇಳುತ್ತಿತ್ತು. ಗೌಡರಿಗೆ ಫೋನು ಹಚ್ಚಿ ಹಿಡಿದುಕೊಂಡು ನಿಂತಿದ್ದೆ, ಘಂಟೆಯೇ ಆಗಲಿಲ್ಲ, ಅವರು ಕೇಳುತ್ತಿದ್ದಾರೆ, ಏನಾಯಿತು ಎಂದು ಒಂದೇ ಉಸಿರಿಗೆ ಕೇಳಿದರು.

"ನಮ್ಮನೇಲಿ ಸೂತಕ ದ್ಯಾವಮ್ಮ," ಎಂದರು ಅತ್ತೆ. "ನನ್ ದೊಡ್ಡ ಮಗ ಹೋದ."

ದ್ಯಾವಮ್ಮ ಅಯ್ಯೋ ಎಂದರು, ಶಿವನೇ ಎಂದರು. ಆಮೇಲೆ ದನಿ ಸಣ್ಣದಾಯಿತು. ಸೂತಕದವರು ಮಾಡಿದ ಪೂಜೆ ಸಲ್ಲುವುದಿಲ್ಲ ಎಂದು ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

"ಯಾವತ್ತಿಂದ ಭಾಗೀರಥಮ್ಮ?"

ನಿರಂಜನ ಬೋಳು ತಲೆಯಲ್ಲಿ ಬಾಗಿಲ ಹತ್ತಿರ ನಿಂತಿದ್ದರು. ಅವರಿಗೂ ಪ್ರಶ್ನೆ ಅಂದಾಜಾಗಿರಬೇಕು, ಬಾಗಿಲ ಚೌಕಟ್ಟು ಹಿಡಿದುಕೊಂಡರು. ಅತ್ತೆ ಒಮ್ಮೆ ಮಗನನ್ನು ನೋಡಿದರು. ತಿಥಿ ವಾರದಲ್ಲಿ ಒಂದು ಗಳಿಗೆ ಆಚೀಚೆ ಆಗಲು ಬಿಡದ ಹೆಂಗಸು ಅವರು.

"ಇವತ್ತಿಂದ," ಎಂದರು. "ಇವತ್ತು ಬೆಳಗ್ಗೆ ಹೋದ ಕಣಮ್ಮ. ನಿನ್ನೆವರೆಗೂ ಇದ್ದ."